ನಾನು ಒಡೆಸಿದ ಕಟ್ಟೆ

ಮೊಮ್ಮಗಳನ್ನು ಕೆಡಿಸಿದ್ದು ಮೊಬೈಲಲ್ಲ, ನಾನು. ಮೊಬೈಲು ಕೊಟ್ಟಳೆಂದು ಸೊಸೆಯನ್ನು ಬೈದದ್ದೆಲ್ಲ ದಂಡ.

ಜಲನಗರದ ನಮ್ಮ ಮನೆಯ ಮುಂದೆ ಕಲ್ಲಿನ ಕಟ್ಟೆ ಇತ್ತು. ಸಂಜೆ ಓಣಿಯ ಹೆಂಗಸರು ಅಲ್ಲಿ ಕೂಡುತ್ತಿದ್ದರು, ಅವರ ಕಣ್ಣೆದುರೇ ಮಕ್ಕಳು ಆಡುತ್ತಿದ್ದರು. ಒಂದು ದಿನ ನಾನು ಒಣಹಾಕಿದ್ದ ಶಾವಿಗೆಯ ಮೇಲೆ ಮಕ್ಕಳ ಚೆಂಡು ಬಿತ್ತು. ಅದೇ ಸಿಟ್ಟಿನಲ್ಲಿ ಮಗನಿಗೆ ಗಂಟುಬಿದ್ದು ಕಟ್ಟೆ ಒಡೆಸಿ, ಕಾರು ಹತ್ತಿಸಲು ಇಳಿಜಾರು ಮಾಡಿಸಿದೆ. ಹೆಂಗಸರು ಕೂಡುವುದು ನಿಂತಿತು. ಓಣಿಯ ತುಂಬ ಬೈಕು, ನೋಡಿಕೊಳ್ಳುವವರು ಯಾರೂ ಇಲ್ಲ. ಮಕ್ಕಳನ್ನು ಹೊರಗೆ ಬಿಡುವುದೂ ನಿಂತಿತು. ಎಂಟು ವರ್ಷದ ನನ್ನ ಮೊಮ್ಮಗಳು ಮೊಬೈಲು ಹಿಡಿದು ಸೋಫಾದ ಮೂಲೆ ಸೇರಿದಳು.

ಈ ಬೇಸಿಗೆ ರಜೆಗೆ ಅವಳನ್ನು ಸಾರವಾಡದ ಹಳ್ಳಿಮನೆಗೆ, ನನ್ನ ಮೈದುನನ ಹತ್ತಿರ ಕಳಿಸಿದೆವು. ಹದಿನೈದು ದಿನ ಬಿಟ್ಟು ಕರೆತರಲು ಹೋದರೆ, ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ತನ್ನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ರಾಣಿಯಂತೆ ಕೂತಿದ್ದಳು. ಅವಳೆದುರು ನನ್ನ ಮೊಮ್ಮಗಳು ಕುಂಟಾಬಿಲ್ಲೆ ಆಡುತ್ತಿದ್ದಳು, ಮೊಣಕಾಲ ತುಂಬ ಧೂಳು. ನನ್ನನ್ನು ಕಂಡರೂ ಕುಂಟುವುದು ನಿಲ್ಲಿಸಲಿಲ್ಲ.

"ಅಕ್ಕಾ, ಒಂದಿನಾನೂ ಮೊಬೈಲ್ ಕೇಳಿಲ್ಲ ನೋಡು," ಎಂದಳು ನೆಗೆಣ್ಣಿ. "ನೀವು ಸಿಟಿ ಮಂದಿ ಬಿಡವಾ. ನಿಮ್ಮ ಮನಿ ಮುಂದ ಕಾರು ಆಡ್ತಾವ, ಹುಡುಗ್ರು ಆಡೂದಿಲ್ಲ."

"ನಿಮ್ಮೂರಾಗ ಟ್ರ್ಯಾಕ್ಟರ್ ಇಲ್ಲೇನ ಬೇ?"

"ಅದಾವ. ನಾ ಕುಂತದ್ದು ನೋಡಿ ಸಾವಕಾಶ ಹೋಗ್ತಾವ."

ಹೊಟ್ಟೆ ಉರಿಯಿತು. ನನ್ನಷ್ಟು ತೆಳ್ಳಗೆ ರೊಟ್ಟಿ ಬಡಿಯಲು ಅವಳಿಗೆ ಇಂದಿಗೂ ಬರುವುದಿಲ್ಲ. ಆದರೂ ಹೊರಡುವಾಗ ಮೊಮ್ಮಗಳು ಹಿಡಿದದ್ದು ಅವಳ ಸೆರಗನ್ನೇ.

"ಆಯಿ, ನೀ ಹೋಗು. ನಾ ಸಣ್ಣಾಯಿ ಕಡೇನ ಇದ್ದು ಸಾಲಿ ಕಲೀತೀನಿ."

ನೆಗೆಣ್ಣಿ ನಕ್ಕಳು. ಹುಡುಗಿಯನ್ನು ಎಳೆದುಕೊಂಡೇ ಬಸ್ಸು ಹತ್ತಿದೆ. ಆ ನಗು ಬಸ್ಸಿನಲ್ಲೂ ಕಿವಿಯಲ್ಲೇ ಇತ್ತು. ಊರು ಮುಟ್ಟುವುದರೊಳಗೆ ಹುಡುಗಿ ಅಳು ನಿಲ್ಲಿಸಿ ಮೊಬೈಲು ಕೇಳಿದಳು.

ಮರುದಿನ ಬೆಳಿಗ್ಗೆ, ಮಗ ಕಾರು ತೆಗೆಯುವ ಮೊದಲೇ, ಇಳಿಜಾರಿಗೆ ಅಡ್ಡ ಹಗ್ಗದ ಹೊರಸಿನ ಮಂಚ ಹಾಕಿ ಜೋಳದ ಮೊರ ಹಿಡಿದು ಕೂತೆ.

"ಯವ್ವಾ, ಆ ಕಡೆ ಸರಿ. ಗಾಡಿ ತೆಗೀಬೇಕು."

"ನಡಕೋತ ಹೋಗು," ಎಂದೆ. ಆಮೇಲೆ ಎದುರು ಮನೆಯವಳನ್ನು ಕೂಗಿದೆ, "ಹುಡುಗ್ರನ್ನ ಹೊರಗ ಬಿಡ್ರಿ, ಚೆಂಡೂ ತರಲಿ. ನಾ ಇಲ್ಲೇ ಕುಂತೀನಿ."