ಹಾಲಮ್ಮನ ಬಾವಿಯ ಹಗ್ಗ

ಸತ್ತವರು ಕಂಡರು, ಸತ್ತವರು ಕರೆದರು ಎನ್ನುವವರನ್ನು ನಾನು ಒಂದು ಕಾಲಕ್ಕೆ ಸುಮ್ಮನೆ ಬಿಟ್ಟವನಲ್ಲ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರ ಮೈಮೇಲೆ ದೇವರು ಬಂದರೂ ಮರುದಿನ ಅದೇ ದೇವರು ನನ್ನ ಮೈಮೇಲೂ ಬರುತ್ತಿತ್ತು. ಕಟ್ಟೆಯ ಮೇಲೆ ಕೂತವರು ನಕ್ಕು ನಕ್ಕು ಬಾಯಿಂದ ಬೀಡಿ ಬೀಳಿಸಿಕೊಳ್ಳುತ್ತಿದ್ದರು. ಅಣಕು ನನ್ನ ರೋಗ. ನೌಕಾಪಡೆಗೆ ಸೇರಿದ ಮೇಲೂ ವಾಸಿಯಾಗಲಿಲ್ಲ. ಅಂಥವನು ಇಂಥದ್ದನ್ನು ಬರೆದರೆ ನೀವು ನಂಬಬೇಕೆಂದೇನೂ ಇಲ್ಲ. ಅದರಲ್ಲೂ ಇಂಥ ಸಂಗತಿಗಳು ರಾತ್ರಿ ನಡೆಯಬೇಕು. ನನ್ನದು ಹಾಡಹಗಲು ನಡೆಯಿತು. ಕತ್ತಲೆಯ ಮೇಲೆ ತಪ್ಪು ಹೊರಿಸುವ ಅನುಕೂಲವೂ ನನಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೂ ಕೊಟ್ರೇಶನೂ ಒಂದೇ ಹಡಗಿನಲ್ಲಿ ಡೈವರುಗಳು. ಅವನು ಹರಪನಹಳ್ಳಿ ತಾಲ್ಲೂಕು, ಬಾಗಳಿಯ ಕಡೆಯವನು. ಇಬ್ಬರೂ ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸಮುದ್ರ ಕಂಡದ್ದು ನೌಕರಿ ಸಿಕ್ಕ ಮೇಲೆ. ಆಳಕ್ಕೆ ಇಳಿಯುವವನ ಮೈಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮೇಲೆ ಒಬ್ಬ ಹಿಡಿದು ನಿಲ್ಲುತ್ತಾನೆ. ಕೆಳಗೆ ಇಳಿದವನಿಗೆ ಬಾಯಿ ಇಲ್ಲ, ಮಾತೆಲ್ಲ ಹಗ್ಗದಲ್ಲೇ. ಮೇಲಿನವನು ಒಮ್ಮೆ ಎಳೆದರೆ ‘ಹೇಗಿದ್ದೀ?’ ಕೆಳಗಿನವನು ಒಮ್ಮೆ ಎಳೆದರೆ ‘ಆರಾಮಿದ್ದೇನೆ.’ ಕೊಟ್ರೇಶ ಇಳಿದರೆ ಹಗ್ಗ ನನ್ನ ಕೈಯಲ್ಲಿ, ನಾನು ಇಳಿದರೆ ಅವನ ಕೈಯಲ್ಲಿ. ಎಲ್ಲರೂ ಪಟಕ್ಕನೆ ಎಳೆದು ಉತ್ತರ ಕೊಟ್ಟರೆ ಈ ಮಹಾರಾಯ ಮಾತ್ರ ಒಂದಿಷ್ಟು ಕಾಯಿಸಿ, ಉದ್ದಕ್ಕೆ, ಆಕಳಿಸಿದ ಹಾಗೆ ಎಳೆಯುತ್ತಿದ್ದ. ಅವನ ಆ ಎಳೆತವನ್ನೂ ನಾನು ಅಣಕು ಮಾಡಿ ತೋರಿಸುತ್ತಿದ್ದೆ.

ಒಮ್ಮೆ ಮನೆಯವರಿಗೆ ಹಡಗು ತೋರಿಸುವ ದಿನ ಅವನ ತಾಯಿ ಹಾಲಮ್ಮ ಬಂದಿದ್ದಳು, ಬುತ್ತಿಗಂಟಿನ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಸಮುದ್ರ ನೋಡಿ ಅವಳಿಗೆ ಸಮಾಧಾನವಾಗಲಿಲ್ಲ. “ಇಷ್ಟು ನೀರು ಐತಿ, ಒಂದು ಕೊಡ ಕುಡಿಯಾಕ ಬರಂಗಿಲ್ಲ. ಏನ್ ಮಾಡ್ತೀರಿ ಇದನ್ನ ಇಟ್ಕೊಂಡು?” ಎಂದಳು. ಆಮೇಲೆ ಸುತ್ತಿಟ್ಟ ಹಗ್ಗ ಕಂಡು, “ಇದನ್ನ ಯಾರು ಹಿಡೀತಾರ?” ಎಂದು ಕೇಳಿದಳು. ನಾನು ಎದೆಯುಬ್ಬಿಸಿ “ನಾನ ಅವ್ವಾ” ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮಗನ ಕಡೆ ತಿರುಗಿದಳು. “ಲೇ ಕೊಟ್ರ್ಯಾ, ಈ ಕೋಡಂಗಿ ಕೈಯಾಗ ನಿನ್ನ ಜೀವ ಕೊಟ್ಟೀಯೇನೋ?” ಇಡೀ ಡೆಕ್ಕು ನಕ್ಕಿತು, ನಾನೂ ನಕ್ಕೆ. ಕೊಟ್ರೇಶ ಹಗ್ಗದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಕ್ಯಾಬಿನ್ನಿನ ಮರೆಗೆ ಹೋದ. ಅವಳು ಒಮ್ಮೆ ಎಳೆದಳು. ತಡವಾಗಿ, ಉದ್ದಕ್ಕೆ, ಒಂದು ಎಳೆತ ಬಂತು. “ಅದಾನ!” ಎಂದು ಚಿಕ್ಕ ಹುಡುಗಿಯ ಹಾಗೆ ಕುಣಿದಳು.

ಅದಾದ ಕೆಲವು ತಿಂಗಳಿಗೆ, ಮುಳುಗಿದ ಒಂದು ದೋಣಿಯನ್ನು ನೋಡಿ ಬರಲು ಕೊಟ್ರೇಶ ಇಳಿದ. ಹಗ್ಗ ನನ್ನ ಕೈಯಲ್ಲೇ ಇತ್ತು. ಒಮ್ಮೆ ಎಳೆದೆ, ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದೆ; ಹಗ್ಗ ಹಗುರಾಗಿ ನನ್ನ ಕಡೆಗೇ ಬಂದುಬಿಟ್ಟಿತು. ದೋಣಿಯ ಹರಿದ ತಗಡಿಗೆ ಉಜ್ಜಿ ತುಂಡಾಗಿತ್ತು. ಆ ಹೊತ್ತಿನಲ್ಲಿ ನೀರಿನ ಸೆಳೆತ ಜೋರಿತ್ತು. ನಾವೆಲ್ಲ ಒಬ್ಬರಾದ ಮೇಲೊಬ್ಬರು ಇಳಿದು ಹುಡುಕಿದೆವು. ದಿನಗಟ್ಟಲೆ ಹುಡುಕಿದೆವು. ಅವನು ಸಿಗಲಿಲ್ಲ.

ರಜೆ ಸಿಕ್ಕ ಮೇಲೆ ಅವನ ಊರಿಗೆ ಹೋದೆ. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ರೇಶನ ಅಣ್ಣ ಮಂಜಪ್ಪ ಕಾಯುತ್ತಿದ್ದ. ಸೈಕಲ್ ಮೋಟಾರಿನ ಮೇಲೆ ಕೂರಿಸಿಕೊಂಡು ಹೋಗುವಾಗ ಎಲ್ಲ ಹೇಳಿದ. “ಹೆಣ ಇಲ್ದ ಮಣ್ಣು ಎಲ್ಲಿ ಮಾಡ್ತಿ ಅಂತಾಳ ಅವ್ವ. ಉಣ್ಣವಲ್ಲಳು. ಬೆಳಗಾದ್ರ ಹೊಲದ ಬಾವಿ ದಂಡಿಗೆ ಹೋಗಿ ಕೂಡ್ತಾಳ. ಯಾವತ್ತು ಹಾರ್ಕೊಂತಾಳೋ ಅಂತ ನಮಗ ನಿದ್ದಿ ಇಲ್ಲ. ನೀ ಹೇಳಿದ್ರ ಕೇಳ್ತಾಳೇನೋ ನೋಡಪಾ.”

ನಾನು ಹೋದಾಗ ಮಧ್ಯಾಹ್ನ ಇಳಿಯುತ್ತಿತ್ತು. ಹಾಲಮ್ಮ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಸೇದುವ ಹಗ್ಗವನ್ನು ರಾಟೆಯಿಂದ ತೆಗೆದು ಕೈಯಲ್ಲೇ ಹಿಡಿದಿದ್ದಳು. ಬಕೀಟಿನ ಬದಲು ಅದರ ತುದಿಗೆ ಒರಳಿನ ಗುಂಡುಕಲ್ಲು ಕಟ್ಟಿ ನೀರಿಗೆ ಬಿಟ್ಟಿದ್ದಾಳೆಂದು ಮಂಜಪ್ಪ ಹೇಳಿದ. ಅವಳ ಅಂಗೈ ಸುಲಿದಿತ್ತು. ಬೈಯುತ್ತಾಳೆ, ನಿನ್ನ ಕೈಯಲ್ಲೇ ಇತ್ತಲ್ಲೋ ಎನ್ನುತ್ತಾಳೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಅವಳು ಹಾಗೇನೂ ಅನ್ನಲಿಲ್ಲ.

“ಬಾ, ಕೋಡಂಗಿ,” ಎಂದಳು. “ನಿನ್ನ ದಾರಿನೇ ನೋಡಾಕತ್ತಿದ್ದೆ. ಅವ ಉತ್ತರ ಕೊಡ್ತಾನ. ಇವರು ಯಾರೂ ನಂಬಂಗಿಲ್ಲ.”

ಕಲ್ಲು ತಳಕ್ಕೆ ತಾಗಿ ಅಲುಗಾಡುತ್ತದೆ ಅವ್ವಾ, ಎಂದೆ. ಅವಳು ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಅವಳ ಮನಸ್ಸು ನೋಯಬಾರದೆಂದು ಒಮ್ಮೆ ಎಳೆದೆ. ಏನೂ ಇಲ್ಲ. ಬಾಯಿ ತೆರೆದು ಮಾತಾಡಬೇಕು ಅನ್ನುವಷ್ಟರಲ್ಲಿ ಹಗ್ಗ ಕೆಳಗಿನಿಂದ ಬಿಗಿಯಿತು, ಉದ್ದಕ್ಕೆ ಜಗ್ಗಿತು, ಸಡಿಲಾಯಿತು. ಮೀನು ಜಗ್ಗಿದರೆ ಹೇಗಿರುತ್ತದೆ, ಸೆಳೆತ ಜಗ್ಗಿದರೆ ಹೇಗಿರುತ್ತದೆ ಎಂದು ಈ ಕೈಗೆ ಗೊತ್ತು. ಮೀನು ಒದ್ದಾಡುತ್ತದೆ, ಸೆಳೆತ ಬಿಡುವುದೇ ಇಲ್ಲ. ಒಮ್ಮೆ ಎಳೆದು ಸುಮ್ಮನೆ ಕಾಯುವುದು ಮನುಷ್ಯ ಮಾತ್ರ. ಅದರಲ್ಲೂ ಆಕಳಿಸಿದ ಹಾಗೆ ಎಳೆಯುವವನನ್ನು ನಾನು ನನ್ನ ನೌಕರಿಯಲ್ಲಿ ಒಬ್ಬನನ್ನೇ ಕಂಡಿದ್ದೆ. ಹಗ್ಗ ಹಿಡಿದೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಹಾಲಮ್ಮ ಹಗ್ಗವನ್ನು ವಾಪಸು ತೆಗೆದುಕೊಂಡಳು. “ಮ್ಯಾಲೆ ಬಾ ಅನ್ನಾಕ ಹೆಂಗ ಎಳೀತಾರ?” ಎಂದು ಕೇಳಿದಳು. “ಅದನ್ನ ಅವ ನನಗ ಕಲಿಸಲೇ ಇಲ್ಲಲ್ಲ.”

ಅವಳು ನನ್ನ ದಾರಿ ಕಾದದ್ದು ಯಾಕೆಂದು ಆಗ ತಿಳಿಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಸಲ ಎಳೆಯಬೇಕು, ಬರುತ್ತೇನೆ ಅನ್ನುವವನು ತಿರುಗಿ ನಾಲ್ಕು ಸಲ ಎಳೆಯುತ್ತಾನೆ, ಎಂದೆ.

ಅವಳು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದಾಗಿ ನಾಲ್ಕು ಸಲ ಎಳೆದಳು. ಮಂಜಪ್ಪ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಮೂವರೂ ಹಗ್ಗವನ್ನೇ ನೋಡುತ್ತಿದ್ದೆವು. ತಡವಾಗಿ ಅವಳ ಎರಡೂ ಕೈ ಕೆಳಕ್ಕೆ ಜಗ್ಗಿದವು. ಒಂದು ಸಲ. ಕಾದೆವು. ಮತ್ತೆ ಜಗ್ಗಲಿಲ್ಲ.

“ಒಂದ ಬಂತು. ಹಂಗಂದ್ರ?”

“ಆರಾಮ ಅದೀನಿ ಅಂತ, ಅವ್ವಾ.”

“ಬರ್ತೀನಿ ಅಂತ ಅಲ್ಲ?”

“ಅಲ್ಲ.”

ಹಾಲಮ್ಮ ಬಗ್ಗಿ ನೀರನ್ನು ನೋಡಿದಳು. ಆಮೇಲೆ ಕೈ ಬಿಟ್ಟಳು. ಹಗ್ಗ ಸರಸರನೆ ಕಟ್ಟೆ ದಾಟಿ ಬಾವಿಗೆ ಹೋಯಿತು. ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. ಅಂಥ ಅಳುವನ್ನು ನಾನು ಮತ್ತೆಲ್ಲೂ ಕೇಳಿಲ್ಲ, ಕೇಳುವುದೂ ಬೇಡ.

ಮಂಜಪ್ಪ ನನ್ನ ಹೆಗಲು ಹಿಡಿದು, “ನೀ ಡೈವರ್ ಅಲ್ಲೇನೋ, ಇಳಿದು ನೋಡೋ, ಏನೈತಿ ಅಂತ ನೋಡೋ” ಎಂದ. ಅಂಗಿ ಬಿಚ್ಚಿ ಬಾವಿಯ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಾಲಮ್ಮ ನನ್ನ ರಟ್ಟೆ ಹಿಡಿದಳು.

“ಬ್ಯಾಡಪಾ. ನೀ ಇಳಿದ್ರ ಹಗ್ಗ ನಾನ ಹಿಡೀಬೇಕು. ನನ್ನ ಕೈಲೆ ಇನ್ನ ಆಗಂಗಿಲ್ಲ.”

ನಾನು ಇಳಿಯಲಿಲ್ಲ. ಅವತ್ತು ಅವಳು ಅರ್ಧ ರೊಟ್ಟಿ ತಿಂದಳು. ಮರುದಿನ ಕೊಟ್ರೇಶನ ಬಟ್ಟೆಗಳನ್ನೇ ಇಟ್ಟು ಹೊಲದಲ್ಲಿ ಮಣ್ಣು ಮಾಡಿದೆವು. ಮೊದಲ ಹಿಡಿ ಮಣ್ಣು ಅವಳೇ ಹಾಕಿದಳು.

ಬಾವಿಯಲ್ಲಿ ಆಮೆ ಇದ್ದೀತು ಅನ್ನುತ್ತಾರೆ ಗೆಳೆಯರು. ಇದ್ದೀತು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಅಷ್ಟು ಸಂಭಾವಿತ ಆಮೆಯನ್ನು ನಾನಂತೂ ನೋಡಿಲ್ಲ. ನನಗಿರುವ ಅನುಮಾನವೇ ಬೇರೆ. ಹುಟ್ಟಾ ಅಣಕಿನವನು ನಾನು. ನನಗೇ ತಿಳಿಯದಂತೆ ನನ್ನ ಕೈಯೇ ಅವನ ಅಣಕು ಮಾಡಿ, ಅವನ ಎಳೆತವನ್ನು ಎಳೆದುಕೊಂಡಿತೇ? ಮೊದಲ ಸಲದ ಮಟ್ಟಿಗೆ ಹಾಗೆಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಎರಡನೆಯ ಸಲ ಹಗ್ಗ ನನ್ನ ಕೈಯಲ್ಲಿರಲಿಲ್ಲ.