ಜಾಮದಾರಿ ಕೋಣೆಯ ಹೊಸ್ತಿಲು

ಭಾದ್ರಪದದ ಒಂದು ಸೋಮವಾರ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೋಟೆಹಟ್ಟಿಯ ಕೋಟೆಮನೆಯ ಅಂಗಳದಲ್ಲಿ ಬೋರಕ್ಕ ಕೆಮ್ಮಣ್ಣು ತುಳಿಯುತ್ತಿದ್ದಾರೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಕೊಳೆಸಿದ ನವಣೆಹುಲ್ಲು ಬೆರೆಸಿದ ಮಣ್ಣನ್ನು ಹಿಮ್ಮಡಿಯಿಂದ ಹದಮಾಡಿ, ಮಳೆಗೆ ಬಾಯಿಬಿಟ್ಟ ಗೋಡೆಗೆ ಅಂಗೈಯಿಂದ ಮೆತ್ತುತ್ತಾರೆ. ಹಿರಿಯೂರಿಗೆ ತೆಂಗಿನಕಾಯಿ ಒಯ್ಯುವ ಕಲ್ಲೇಶ್ ಬೈಕ್ ನಿಲ್ಲಿಸಿ, ಇಳಿಯದೆಯೇ ಹೇಳುತ್ತಾರೆ: “ಬೋರಕ್ಕ, ಹುಲಿಗೆಮ್ಮ ಹೋಗ್ಬಿಟ್ಲು. ಹಿರಿಯೂರಲ್ಲಿ, ಮಗಳ ಮನೆಯಾಗೆ.”

ಬೋರಕ್ಕ ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ಗೋಡೆಗೆ ಮೆತ್ತುತ್ತಾರೆ, ಸವರುತ್ತಾರೆ, ಅಂಚನ್ನು ನಯಮಾಡುತ್ತಾರೆ. ಆಮೇಲೆ ಕೇಳುತ್ತಾರೆ:

“ಬೀಗದಕೈ ಯಾರತ್ರ ಐತೆ?”

“ಅಲ್ಲ ಬೋರಕ್ಕ, ಹೆಣ ಇನ್ನೂ ಊರಿಗೆ ಬಂದಿಲ್ಲ...”

“ಬರ್ಲಿ ಬಿಡು, ಎಲ್ಲಿಗೋಗ್ತದೆ. ಕೇಳಿದ್ದಕ್ಕೆ ಹೇಳು.”

ಆ ಮಾತನ್ನು ಊರು ಇನ್ನೂ ಮರೆತಿಲ್ಲ. ಬೋರಕ್ಕನೂ ಮುಚ್ಚಿಡುವುದಿಲ್ಲ. “ಕೇಳ್ದೆ, ಹೌದು. ಹೊಟ್ಟೆಯಾಗಿದ್ದದ್ದು ಬಾಯಿಗೆ ಬಂತು. ಕುಂತ್ಕಳ್ರಿ, ನಿಂತ್ಕಂಡು ಕೇಳೋ ಮಾತಲ್ಲ ಇದು” ಎಂದು ಕೇಳಲು ಹೋದವರಿಗೆ ಜಗಲಿ ತೋರಿಸುತ್ತಾರೆ.

ಹೊಸದುರ್ಗದಿಂದ ಹಿರಿಯೂರಿಗೆ ಹೋಗುವ ಬಸ್ಸಿನಲ್ಲಿ ಕೋಟೆಹಟ್ಟಿ ಎಂದರೆ ಕಂಡಕ್ಟರು ತೆಂಗಿನ ತೋಟದ ಪಕ್ಕ ಇಳಿಸುತ್ತಾರೆ. ಚಿತ್ರದುರ್ಗದ ಏಳುಸುತ್ತು ನೋಡಿದವರಿಗೆ ಇಲ್ಲಿಯದು ಕೋಟೆಯೆಂದೇ ತೋರುವುದಿಲ್ಲ. ಹಿಂದೆ ಯಾರೋ ಸಣ್ಣ ಪಾಳೆಯಗಾರರು ಕಟ್ಟಿಸಿದ್ದು. ಈಗ ಉಳಿದಿರುವುದು ಒಂದು ಬುರುಜು, ಒಂದು ಚಾವಡಿ, ಅದರ ಹಿಂದೆ ಎರಡು ಮಣ್ಣಿನ ಕೋಣೆಗಳು. ಆ ಮನೆತನದ ಈಗಿನ ಯಜಮಾನ ದುರುಗಣ್ಣ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಕೊಂಡಿದ್ದಾರೆ. ಹಳೆಯ ಗೋಡೆಗಳು ನಿಂತಿರುವುದು ಬೋರಕ್ಕನ ಕೈಯಿಂದ. ಪ್ರತಿ ವರ್ಷ ಮಳೆ ಗೋಡೆಯನ್ನು ಅಷ್ಟಿಷ್ಟು ತಿನ್ನುತ್ತದೆ. ಪ್ರತಿ ವರ್ಷ ಅವರು ತಿಂದಷ್ಟನ್ನು ತುಂಬುತ್ತಾರೆ. ಇದಕ್ಕೆ ವರ್ಷಕ್ಕೆ ಎರಡು ಚೀಲ ರಾಗಿ, ದಸರೆಗೊಂದು ಸೀರೆ. ಉಳಿದ ದಿನಗಳಲ್ಲಿ ಕಾಯಿ ಸುಲಿಯುವ ಕಡೆ, ಶೇಂಗಾ ಬಿಡಿಸುವ ಕಡೆ ಕೂಲಿ. ಗಂಡ ಚಿತ್ತಪ್ಪ ತೀರಿಕೊಂಡು ಬಹಳ ಕಾಲವಾಯಿತು.

ಎರಡು ಕೋಣೆಗಳಲ್ಲಿ ಮೊದಲನೆಯದು ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡು ಜಗಲಿಯ ಕಡೆ ಬಾಗಿಲಿರುವುದು ಬಟ್ಟೆ ಇಡುವ ಜಾಮದಾರಿ ಕೋಣೆ. ಕೋಟೆಗಳ ಚರಿತ್ರೆಯಲ್ಲಿ ಕತ್ತಿಗೆ ಸಿಕ್ಕಷ್ಟು ಜಾಗ ಬಟ್ಟೆಗೆ ಸಿಕ್ಕಿಲ್ಲ. ಹಿಂದಿನ ಕಾಲದ ಒಡೆಯ ಮೊದಮೊದಲು ತನ್ನ ಜನರ ನಡುವೆಯೇ, ಒಂದೇ ದೊಡ್ಡ ಪಡಸಾಲೆಯಲ್ಲಿ ಉಂಡು ಮಲಗುತ್ತಿದ್ದನಂತೆ. ಕೋಟೆ ಬೆಳೆದಂತೆ ಅವನಿಗೆ ಹಿಂದುಗಡೆ ಒಂದು ಕೋಣೆ ಬೇಕಾಯಿತು, ಕೋಣೆಗೆ ಬಾಗಿಲು ಬೇಕಾಯಿತು, ಬಾಗಿಲಲ್ಲಿ ಕೂರಲು ಒಬ್ಬರು ಬೇಕಾದರು. ಯುರೋಪಿನ ಕೋಟೆಗಳಲ್ಲೂ ಹೀಗೆಯೇ ಆಯಿತೆಂದು ತಿಳಿದವರು ಹೇಳುತ್ತಾರೆ. ಇಂದು ನಾವು ವಾರ್ಡ್‌ರೋಬ್ ಎಂದು ಅಂಗಡಿಯಿಂದ ತರುವ ಕಪಾಟು ಅಲ್ಲಿ ಮೊದಲು ಕಪಾಟಾಗಿರಲಿಲ್ಲ. ಒಡೆಯನ ಮಲಗುವ ಕೋಣೆಗೆ ಅಂಟಿಕೊಂಡ ಇನ್ನೊಂದು ಕೋಣೆಯಾಗಿತ್ತು. ಉಡುಪು, ಒಡವೆ, ಬೆಲೆಬಾಳುವ ಸಾಂಬಾರ ಪದಾರ್ಥ ಎಲ್ಲ ಅಲ್ಲೇ. ದರ್ಜಿಗಳೂ ಅಲ್ಲೇ ಕೂತು ಹೊಲಿಯುತ್ತಿದ್ದರಂತೆ. ನಮ್ಮ ಅರಮನೆಗಳಲ್ಲಿ ಅದಕ್ಕೆ ಜಾಮದಾರಖಾನೆ ಎಂದು ಹೆಸರು. ಕೋಟೆಹಟ್ಟಿಯವರ ಬಾಯಲ್ಲಿ ಅದು ಸವೆದು ಜಾಮದಾರಿ ಆಗಿದೆ. ಗೋಡೆಯಲ್ಲಿ ಗೂಡುಗಳು, ಬಟ್ಟೆ ಹಾಕಲು ಹಗ್ಗದಲ್ಲಿ ತೂಗುಬಿಟ್ಟ ಬಿದಿರಿನ ಗಳ, ಒಂದು ಮರದ ಸಂದೂಕ. ಸಂದೂಕದಲ್ಲಿ ಹಿಂದಿನವರ ಒಂದು ನಿಲುವಂಗಿ, ಒಂದು ರುಮಾಲು, ರಾಣಿಯದೆನ್ನುವ ಒಂದು ಪಟ್ಟೆಸೀರೆ. ಕೋಣೆಯನ್ನು ಹುಳು ಹತ್ತದಂತೆ ತಿಂಗಳಿಗೊಮ್ಮೆ ಗುಡಿಸಬೇಕು. ನವರಾತ್ರಿಯ ಮೊದಲ ದಿನ ಬಟ್ಟೆಗಳನ್ನು ಬಿಡಿಸಿ, ಗಾಳಿಗೆ ಹಾಕಿ, ಲಾವಂಚದ ಬೇರು ಬದಲಿಸಬೇಕು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬಳು ಒಳಗೆ ಹೋಗುತ್ತಾಳೆ. ಇನ್ನೊಬ್ಬಳು ಹೊರಗೆ, ಹೊಸ್ತಿಲಿಗೆ ಎದುರಾಗಿ ಜಗಲಿಯ ಮೇಲೆ ಕೂರುತ್ತಾಳೆ. ಒಳಗಿನವಳು ಹೊರಗೆ ಬಂದಾಗ ಹೊಸ್ತಿಲಲ್ಲಿ ನಿಂತು ಸೆರಗು ಬಿಚ್ಚಿ ಜಾಡಿಸಬೇಕು. ಒಂದು ಜರಿಯ ಎಳೆಯೂ ಬೀಳಲಿಲ್ಲ ಎಂದು ಹೊರಗಿನವಳು ನೋಡಿ, “ಸರಿ” ಎನ್ನಬೇಕು. ಆ ಮೇಲೆಯೇ ಬಾಗಿಲಿಗೆ ಬೀಗ. ಇಷ್ಟು ವರ್ಷ ಒಳಗೆ ಹೋದವರು ಹುಲಿಗೆಮ್ಮ. “ಸರಿ” ಎಂದವರು ಬೋರಕ್ಕ.

ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಆಗ ದುರುಗಣ್ಣನ ತಾಯಿ ಕಾಟಮ್ಮ ಇದ್ದರು. ಹೊಸ ಸೊಸೆಯರನ್ನು ಕರೆಸಿ, ನಾಲ್ಕೂ ಅಂಗೈಗಳಿಗೆ ವಿಭೂತಿ ಉದುರಿಸಿ, ಕೈ ಬೋರಲು ಮಾಡಿ ಎಂದರು. ಹುಲಿಗೆಮ್ಮನ ಕೈಯಿಂದ ವಿಭೂತಿ ಜಾರಿ ಬಿತ್ತು. ಬೋರಕ್ಕನ ಕೈಗೆ ಅಂಟಿಕೊಂಡಿತು.

“ಬೆವರಿತ್ತು ಕಣ್ರೀ. ಹೊಸ ಊರು, ಹೊಸ ಜನ, ಹೆದ್ರಿಕೆ ಆಗಲ್ವಾ? ಕಾಟಮ್ಮ ಅಂದ್ಬಿಟ್ರು, ಬೆವರೋ ಕೈ ಪಟ್ಟೆ ಮುಟ್ಟಂಗಿಲ್ಲ, ನೀನು ಆಚೆ ಕುಂದ್ರು ಅಂತ. ಅವಳಿಗೆ ಪಟ್ಟೆ, ನನಗೆ ಮಣ್ಣು.”

ಅಲ್ಲಿಂದ ಶುರುವಾದ ಹೊಟ್ಟೆಯುರಿ ಆರಲೇ ಇಲ್ಲ. ಹುಲಿಗೆಮ್ಮ ಒಳಗೆ ಹೋದರೆ ಬೇಗ ಹೊರಗೆ ಬರುವವರಲ್ಲ. ಮೂರು ಬಟ್ಟೆ ಬಿಡಿಸಲು ಇಷ್ಟು ಹೊತ್ತು ಯಾಕೆ? ರಾಣಿಯ ಸೀರೆ ಉಟ್ಟು ನೋಡುತ್ತಿರಬಹುದೆ? ಜಗಲಿಯ ಮೇಲೆ ಬೋರಕ್ಕನಿಗೆ ಇದೇ ಯೋಚನೆ. ದಾರಿಹೋಕರು ನೀರಿಗೆ ನಿಲ್ಲುವರು, ಹೆಂಗಸರು ಹುಣಸೆಹಣ್ಣು ಕುಟ್ಟುತ್ತ ಕೂರುವರು, ಮಾತು ನಗು ನಡೆಯುವುದು. ಬೋರಕ್ಕನ ಕಣ್ಣು ಮಾತ್ರ ಹೊಸ್ತಿಲ ಮೇಲೆ. “ಏನೇ ಮಾಡ್ತಿದ್ದೆ ಒಳಗೆ?” ಎಂದರೆ ಹುಲಿಗೆಮ್ಮ ನಗುವರು: “ನಿನಗೇನೇ, ಗಾಳಿ ಬೆಳಕಲ್ಲಿ ಕುಂತಿದೀಯ ಮಾರಾಣಿ ಹಂಗೆ.” ಬೋರಕ್ಕ ಅದನ್ನು ಹಂಗಿಸುವ ಮಾತೆಂದೇ ತಿಳಿದಿದ್ದರು. ಇನ್ನೊಂದು ಸಿಟ್ಟೂ ಇತ್ತು. ಜಗಲಿಯಲ್ಲಿ ಯಾರು ಯಾರಿಗೆ ಏನು ಹೇಳಿದರೆಂಬುದು ಹುಲಿಗೆಮ್ಮನಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. “ನನ್ನ ಜತೆ ಕುಂತೋರೇ ಹೋಗಿ ಅವಳಿಗೆ ಊದ್ತಾರೆ ಅನ್ಕಂಡಿದ್ದೆ. ಅದಕ್ಕೆ ಎಷ್ಟು ಜನರತ್ರ ಮಾತು ಬಿಟ್ಟೆನೋ.”

ಪೇಟೆಯಿಂದ ಬಂದವರು ಫೋಟೊ ತೆಗೆಯುತ್ತಿದ್ದುದು ಹುಲಿಗೆಮ್ಮನದು; ಸೊಂಟದಲ್ಲಿ ಬೀಗದಕೈ, ಹಿಂದೆ ಕೆತ್ತನೆಯ ಬಾಗಿಲು. ಒಮ್ಮೆ ಪೇಪರಿನಲ್ಲೂ ಬಂತು. “ನಾನೂ ಬಂದಿದ್ದೆ” ಎನ್ನುತ್ತಾರೆ ಬೋರಕ್ಕ. “ಮೂಲೆಯಾಗೆ ನನ್ನ ಕಾಲಿನ ಹೆಬ್ಬೆಟ್ಟು ಬಂದಿತ್ತು. ಅವಳು ತಂದು ತೋರಿಸಿ, ಲೇ ಬೋರಿ, ನಿನ್ನ ಉಗುರಿನಾಗೆ ಮಣ್ಣು ಐತೆ ನೋಡು ಅಂದ್ಳು. ಆವತ್ತು ರಾಗಿ ಬೀಸೋವಾಗ ಅವಳನ್ನೇ ಬೀಸ್ದೆ.”

ಚಿತ್ತಪ್ಪ ತೀರಿಕೊಂಡಾಗ ದಿನವೂ ಅಂಬಲಿ ಕಾಸಿ ತಂದವರು ಹುಲಿಗೆಮ್ಮನೇ. ಅದನ್ನೂ ಬೋರಕ್ಕ ಹೇಳದೆ ಬಿಡುವುದಿಲ್ಲ: “ತಂದ್ಳು, ಇಲ್ಲ ಅನ್ನಲ್ಲ. ಉಪ್ಪೇ ಇರ್ತಿರ್ಲಿಲ್ಲ.”

ಅಂತೂ ಆ ಸೋಮವಾರ ಮಧ್ಯಾಹ್ನ ಹುಲಿಗೆಮ್ಮನ ಶವ ಊರಿಗೆ ಬಂತು. ಬೋರಕ್ಕ ಕೈಕಾಲು ತೊಳೆದು ಹೋಗಿ, ತಲೆಯ ಬಳಿಯಲ್ಲ, ಕೈಯ ಬಳಿ ಕೂತರು. “ಅಂಗೈ ಮುಟ್ಟಿ ನೋಡ್ದೆ. ಸತ್ತ ಮೇಲೂ ಒಣಗಿದಂಗೇ ಇತ್ತು, ಮುಂಡೇದು” ಎನ್ನುತ್ತಾರೆ.

ಹನ್ನೊಂದನೆಯ ದಿನ ಕಳೆದು ನವರಾತ್ರಿ ಹತ್ತಿರ ಬರುತ್ತದೆ. ಬೀಗದಕೈ ದುರುಗಣ್ಣನ ಕೈ ಸೇರಿದೆ. ಒಳಗೆ ಹೋಗುವವರು ಯಾರು? ಬೋರಕ್ಕನ ಮಂಡಿ ಈಗ ಮೊದಲಿನಂತೆ ಬಗ್ಗುವುದಿಲ್ಲ. ಈ ವರ್ಷ ಹೋಗದಿದ್ದರೆ ಮುಂದೆ ಹೋಗುವುದಿಲ್ಲವೆಂಬುದು ಅವರಿಗೆ ಗೊತ್ತು. ದುರುಗಣ್ಣನ ಮನಸ್ಸು ಹುಲಿಗೆಮ್ಮನ ಸೊಸೆ ರೇಣುಕಾಳ ಕಡೆಗಿದೆ. ಒಳಗಿನ ಕೆಲಸ ಇಷ್ಟು ವರ್ಷ ಹುಲಿಗೆಮ್ಮನ ಮನೆಯಲ್ಲೇ ಇದ್ದದ್ದು, ಹಾಗೆಯೇ ಹೋಗಲಿ ಎಂಬುದು ಅವರ ಲೆಕ್ಕ. ಬೋರಕ್ಕ ಚಾವಡಿಗೆ ಹೋಗಿ ಎರಡೂ ಅಂಗೈ ಚಾಚಿ ನಿಲ್ಲುತ್ತಾರೆ.

“ವಿಭೂತಿ ಹಾಕ್ರಿ ದುರುಗಣ್ಣ. ನಿಮ್ಮವ್ವ ಹಾಕಿದಂಗೆ ಹಾಕ್ರಿ. ಅವಳಿಗೂ ಹಾಕ್ರಿ, ನನಗೂ ಹಾಕ್ರಿ.”

ರೇಣುಕಾ ನಕ್ಕುಬಿಡುತ್ತಾಳೆ. “ಅಯ್ಯೋ ಅತ್ತೆ, ನನಗ್ಯಾಕೆ ಆ ಕತ್ಲೆ ಕೋಣೆ? ಧೂಳಿಗೆ ನನಗೆ ಸೀನು ಬರ್ತದೆ. ನೀವೇ ಹೋಗ್ರಿ, ನಾನು ಆಚೆ ಕುಂತಿರ್ತೀನಿ.”

ಒಂದು ಜನ್ಮವೆಲ್ಲ ಉರಿದು ಬಯಸಿದ್ದನ್ನು ಆ ಹುಡುಗಿ ಹೀಗೆ ನಕ್ಕು ಬಿಟ್ಟುಕೊಟ್ಟದ್ದು ಬೋರಕ್ಕನಿಗೆ ಗೆದ್ದಂತೆ ಅನಿಸಲಿಲ್ಲ. “ನಾನು ಕಿತ್ಕಂಡಿದ್ರೆ ಚೆನ್ನಾಗಿತ್ತು” ಎನ್ನುತ್ತಾರೆ. ಆದರೂ ಹಟಮಾಡಿ ವಿಭೂತಿ ಹಾಕಿಸಿಕೊಂಡರು. ಕೈ ಬೋರಲು ಮಾಡಿದರು. ಮಣ್ಣು ತಿಂದು ಒಣಗಿದ ಅಂಗೈಯಿಂದ ವಿಭೂತಿಯೆಲ್ಲ ಜಾರಿ ನೆಲಕ್ಕೆ ಬಿತ್ತು.

ಮಹಾಲಯ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಬೋರಕ್ಕ ತಲೆಗೆ ಸ್ನಾನ ಮಾಡಿ, ಹೊಸ್ತಿಲಿಗೆ ಹಣೆ ಮುಟ್ಟಿಸಿ, ಒಳಗೆ ಕಾಲಿಡುತ್ತಾರೆ. ಸಂದೂಕ ತೆರೆಯುತ್ತಾರೆ. ನಿಲುವಂಗಿ ಒಣಗಿದ ಮುತ್ತುಗದೆಲೆಯ ಹಾಗೆ ಸದ್ದುಮಾಡುತ್ತದೆ. ರಾಣಿಯ ಸೀರೆ ಮಡಿಕೆಗಳಲ್ಲಿ ಸೀಳಿದೆ; ಉಡುವುದಿರಲಿ, ಭುಜಕ್ಕೆ ಹಾಕಿಕೊಂಡರೂ ಪುಡಿಯಾದೀತು. ಯಾರೂ ಅದನ್ನು ಉಟ್ಟು ನೋಡಿಲ್ಲ. ಅದನ್ನು ಗಳದ ಮೇಲೆ ಹರವಿ, ಬೇರು ಬದಲಿಸಿ, ಮತ್ತೆ ಮಡಿಸಿಟ್ಟರೆ ಕೆಲಸ ಮುಗಿಯಿತು. ಇಷ್ಟೇಯೆ? ಹಾಗಾದರೆ ಉಳಿದ ಹೊತ್ತೆಲ್ಲ ಹುಲಿಗೆಮ್ಮ ಮಾಡುತ್ತಿದ್ದುದಾದರೂ ಏನು?

ಆಗ ನೆಲ ಕಾಣುತ್ತದೆ. ಗೋಡೆ ನೆಲದ ಗುರುತುಗಳನ್ನು ಓದುವುದು ಬೋರಕ್ಕನ ಕಸುಬು. ಬಲಗಡೆಯ ಗೋಡೆಯ ಬುಡದಲ್ಲಿ ಒಬ್ಬರು ಕೂರುವಷ್ಟು ಜಾಗ ಸವೆದು ನುಣ್ಣಗಾಗಿದೆ. ಅದರ ಮೇಲೆ, ಕೂತವರ ತಲೆ ತಾಗುವ ಎತ್ತರದಲ್ಲಿ, ಗೋಡೆಗೆ ಎಣ್ಣೆಯ ಕಲೆ. ಕಲೆಯ ಪಕ್ಕದಲ್ಲೇ ಕಿಂಡಿ. ಹೊರಗಿನಿಂದ ಆ ಕಿಂಡಿಯನ್ನು ಬೋರಕ್ಕ ಬಲ್ಲರು. ಪ್ರತಿ ವರ್ಷ ಗೋಡೆ ಸಾರುವಾಗ ಕಾಟಮ್ಮ ಹೇಳುತ್ತಿದ್ದರು, ಅದನ್ನು ಮುಚ್ಚಬೇಡ ಎಂದು. ಬಟ್ಟೆಗೆ ಗಾಳಿಯಾಡಲಿಕ್ಕೆ ಇರಬೇಕೆಂದುಕೊಂಡು ಬೋರಕ್ಕ ಬೆರಳಿನಿಂದ ಅಂಚು ತೀಡಿ, ಜೋಪಾನವಾಗಿ ಅದನ್ನು ತೆರೆದೇ ಬಿಡುತ್ತಿದ್ದರು. ಒಳಕೋಣೆಯ ರಾಣಿಯರು ತಾವು ಕಾಣಿಸಿಕೊಳ್ಳದೆ ಹೊರಗಿನ ಜನರನ್ನು ನೋಡಲು ಮಾಡಿಸಿದ ಕಿಂಡಿ ಅದು ಎಂದು ದುರುಗಣ್ಣ ಆಮೇಲೆ ಹೇಳಿದರು.

ಬೋರಕ್ಕ ಸವೆದ ಜಾಗದಲ್ಲಿ ಮೆಲ್ಲಗೆ ಕೂರುತ್ತಾರೆ. ಎಣ್ಣೆಯ ಕಲೆಗೆ ತಲೆ ಆನಿಸುತ್ತಾರೆ. ಕಿಂಡಿಯಲ್ಲಿ ನೇರವಾಗಿ ಕಾಣುವುದು ಜಗಲಿ, ತಾವು ಇಷ್ಟು ವರ್ಷ ಕೂತ ಜಾಗ. ಬಿಸಿಲು, ಹೋಗಿಬರುವ ಜನ. ಅಲ್ಲಿ ಆಡಿದ ಮಾತು ಕಿವಿಯಲ್ಲೇ ಆಡಿದಂತೆ ಕೇಳುತ್ತದೆ.

“ಅವಳೂ ಉರ್ಕಂಡು ಸತ್ಳು ಕಣ್ರೀ, ನನ್ನ ಹಂಗೇ” ಎನ್ನುತ್ತಾರೆ ಬೋರಕ್ಕ. “ನಾನು ಒಳಗೆ ನೋಡ್ಕಂಡು, ಅವಳು ಆಚೆ ನೋಡ್ಕಂಡು. ಒಂದಿನ ಬಾಯಿ ಬಿಟ್ಟು ಹೇಳ್ಬಾರ್ದಾ, ಬಾರೇ, ಬದ್ಲಾಗಾಣ ಅಂತ? ನಾನಾದ್ರೂ ಕೇಳ್ದೆನಾ?”

ಕೆಲಸ ಮುಗಿಸಿ ಬೋರಕ್ಕ ಹೊಸ್ತಿಲಿಗೆ ಬರುತ್ತಾರೆ. ಬೆಳಕಿಗೆ ಕಣ್ಣು ಕಿರಿದು ಮಾಡಿ, ಸೆರಗು ಬಿಚ್ಚಿ ಜಾಡಿಸುತ್ತಾರೆ. ಜಗಲಿಯ ಮೇಲೆ ರೇಣುಕಾ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದಾಳೆ.

“ಲೇ, ನೋಡೇ ಇಲ್ಲಿ!”

“ನೋಡ್ದೆ ಬಿಡ್ರಿ ಅತ್ತೆ. ನೀವೇನು ಕದೀತೀರಾ?”

“ಕದೀತಾಳೆ ಅನ್ಕಂಡೇ ನೋಡ್ಬೇಕು ಕಣೇ! ಕೆಲ್ಸ ಇರೋದೇ ಅದು.”

ರೇಣುಕಾ ಮೊಬೈಲು ಕೆಳಗಿಡುತ್ತಾಳೆ. ಬೋರಕ್ಕ ಮತ್ತೊಮ್ಮೆ ಸೆರಗು ಜಾಡಿಸುತ್ತಾರೆ, ಹೆಚ್ಚು ಜೋರಾಗಿ. “ಸರಿ” ಎನ್ನುತ್ತಾಳೆ ಹುಡುಗಿ, ಬಸ್ಸಿನ ಟಿಕೇಟು ಹರಿದುಕೊಟ್ಟ ಹಾಗೆ.

“ನಾನು ಹಂಗೆ ನೋಡ್ತಿರ್ಲಿಲ್ಲ” ಎನ್ನುತ್ತಾರೆ ಬೋರಕ್ಕ. “ರೆಪ್ಪೆ ಬಡೀತಿರ್ಲಿಲ್ಲ. ಒಂದು ಎಳೆನಾದ್ರೂ ಉದುರ್ಲಿ, ಅವಳು ಸಿಕ್ಕಾಕಳ್ಲಿ ಅಂತ ನೋಡ್ತಿದ್ದೆ. ಒಂದಿನಾನೂ ಉದುರ್ಲಿಲ್ಲ. ಅವಳು ಕದ್ದಿಲ್ಲ ಅಂತ ಆಣೆ ಮಾಡೋಳು ಈ ಭೂಮಿ ಮೇಲೆ ನಾನೊಬ್ಳೇ. ಅವಳಿಗೆ ನಾನಿದ್ದೆ. ನನಗೆ ಯಾರವ್ರೆ ಹಂಗೆ ನೋಡೋರು? ಅದಕ್ಕೂ ಈಗ ಹೊಟ್ಟೆ ಉರೀತದೆ, ಏನ್ ಮಾಡ್ಲಿ.”

ದೀಪಾವಳಿಯೊಳಗೆ ಒಳಗೋಡೆಯನ್ನೂ ಪೂರ್ತಿ ಸಾರಿಬಿಡು ಎಂದಿದ್ದಾರೆ ದುರುಗಣ್ಣ. ಬೋರಕ್ಕ ಒಪ್ಪಿದ್ದಾರೆ, ಎಣ್ಣೆಯ ಕಲೆಯಿರುವ ಅಂಗೈಯಗಲದ ಜಾಗ ಒಂದನ್ನು ಬಿಟ್ಟು. ಅದಕ್ಕೆ ಮಣ್ಣು ಮುಟ್ಟಿಸುವುದಿಲ್ಲ ಎಂದು ಮುಖಕ್ಕೆ ಹೇಳಿದ್ದಾರೆ. ಆ ಕಲೆಯೊಂದು ಉಳಿದರೆ ಸಾಕು, ಅವರಿಗೆ ಬೇರೇನೂ ಬೇಡವಂತೆ.

ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಬೋರಕ್ಕ ಬುರುಜಿನ ಮೇಲಿನ ಕೋಟೆಯಮ್ಮನ ಕಲ್ಲಿಗೆ ಕೈ ಮುಗಿಯುತ್ತಾರೆ. ಮೊದಲೆಲ್ಲ ಈ ತಾಯಿಯ ಮುಂದೆ ಹುಲಿಗೆಮ್ಮನ ಹೆಸರೆತ್ತಿ ಏನೇನು ಬೇಡಿದ್ದರೋ ಅವರಿಗೇ ಗೊತ್ತು. ಈಗ ಬೇಡುವುದು ಕೇಳಿಸುವಂತಿದೆ.

“ತಾಯಿ, ಅಲ್ಲಾದ್ರೂ ಅವಳನ್ನ ಒಳಗೆ ಕುಂದ್ರಿಸ್ಬೇಡ. ಬಾಗ್ಲಿಲ್ದೆ ಇರೋ ಕಡೆ, ಗಾಳಿ ಬೆಳಕಿರೋ ಕಡೆ ಜಗಲಿ ಮೇಲೆ ಕುಂದ್ರಿಸವ್ವ. ನಾಕು ಜನ ಮಾತಾಡ್ಸೋರು ಇರ್ಲಿ. ಅವಳ ಜೀವ ತಣ್ಣಗಿರ್ಲಿ.”