ಹೆಳವಜ್ಜ ಹಾಡಿದ ಮರೆವು

ಮೊನ್ನೆ ಹೊಸ ಜೋಳದ ಚೀಲದ ಬಾಯಿ ಬಿಚ್ಚಿದೆ. ಮೂಗಿಗೇರಿದ ಧೂಳಿಗೆ ಎರಡು ಸೀನು ಬಂದವು, ಅವುಗಳ ಹಿಂದೆಯೇ ಹೆಳವಜ್ಜ ನೆನಪಾದ. ಸುಗ್ಗಿ ಮುಗಿದು ಜೋಳ ಮನೆ ಸೇರಿದ ವಾರದಲ್ಲೇ ಎತ್ತಿನ ಮೇಲೆ ಕೂತು, ಗಡಿಯೂರು ದಾಳಿಂಬದ ನಮ್ಮ ಮನೆಗೆ ಬರುತ್ತಿದ್ದ. ಹೆಳವರೆಂದರೆ ಮನೆತನಗಳ ವಂಶಾವಳಿ ಹೇಳುವವರು. ಇವನ ಹತ್ತಿರ ಬರೆದಿಟ್ಟದ್ದೇನೂ ಇರಲಿಲ್ಲ. ನಮ್ಮ ಏಳು ತಲೆಮಾರು ಅವನ ಬಾಯಲ್ಲೇ ಇತ್ತು. ಕಟ್ಟೆಯ ಮೇಲೆ ಕೂತು, ಎಡಗೈ ಕಿವಿಗೆ ಹಚ್ಚಿ, ಒಮ್ಮೆ ಕೆಮ್ಮಿ ಶುರು ಮಾಡಿದನೆಂದರೆ, ನಾವ್ಯಾರೂ ನೋಡದ ಮುತ್ತಜ್ಜಂದಿರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು ನಿಂತಂತಾಗುತ್ತಿತ್ತು. ಮುಗಿದ ಮೇಲೆ ಅವ್ವ ಮೊರದ ತುಂಬ ಜೋಳ ಕೊಡುತ್ತಿದ್ದಳು.

ಊರಲ್ಲಿ ನಾನು ಅಣಕಿಸದವರಿಲ್ಲ. ಉಮರ್ಗಾ ಬಸ್ಸಿನ ಕಂಡಕ್ಟರ್, ಮರಾಠಿ ಮಾಸ್ತರು, ಸಿಟ್ಟು ಬಂದಾಗ ಅಪ್ಪನ ಮೂಗು... ನಪಾಸಾಗಿ ಮನೆಗೆ ಬಂದ ದಿನ ನನ್ನ ಕಳ್ಳ ನಡಿಗೆಯನ್ನು ನಾನೇ ಮಾಡಿ ತೋರಿಸಿ ಏಟು ತಪ್ಪಿಸಿಕೊಂಡವನು. ಹೆಳವಜ್ಜನನ್ನು ಬಿಡುತ್ತೇನೆಯೇ?

ನಗು ಬರಿಸುವ ಸಾಲುಗಳೂ ಅವನಲ್ಲಿ ಬೇಕಾದಷ್ಟಿದ್ದವು. ಅಪ್ಪನ ಅಜ್ಜನ ಸರದಿ ಬಂದಾಗ ದನಿ ಏರುತ್ತಿತ್ತು: ಶಿವನ ಧ್ಯಾನದಲ್ಲಿ ಹೊಲದ ದಾರಿ ಮರೆತವ, ಉಂಡು ಕೈ ತೊಳೆದು ಉಂಡಿಲ್ಲ ಎಂದವ. ಆ ಅಜ್ಜನ ಅಪ್ಪ ಇನ್ನೂ ದೊಡ್ಡ ಶರಣ: ಹೆತ್ತ ಮಗನನ್ನೇ ನೀನು ಯಾರಪ್ಪ ಎಂದು ಕೇಳಿದವ. ಸಂಸಾರ ಮರೆಯುವಷ್ಟು ಭಕ್ತಿ ನಮ್ಮ ರಕ್ತದಲ್ಲಿದೆ ಎಂದು ಅಪ್ಪ ಕೈ ಮುಗಿಯುತ್ತಿದ್ದ. ನಾನು ಅವೇ ಸಾಲುಗಳನ್ನು ಕಲಿತು ಗೆಳೆಯರನ್ನು ನಗಿಸುತ್ತಿದ್ದೆ.

ಕಾಲೇಜಿನ ಮೊದಲ ವರ್ಷ ಅವನೆದುರಿಗೇ ಮಾಡಿ ತೋರಿಸಿದೆ. ಕೆಮ್ಮು, ಕಿವಿಯ ಕೈ, ಏರುವ ದನಿ, ಒಂದೂ ಬಿಡಲಿಲ್ಲ. ಹೊಗಳಿಕೆಯಿಲ್ಲದೆ ಬರೀ ಹೆಸರು ಬರುವ ಕಡೆ ಮಾತ್ರ ಗುಣುಗುಣು ಅಂದು ದಾಟಿದೆ. ಅಜ್ಜ ಹೊಟ್ಟೆ ಹಿಡಿದು ನಕ್ಕ. ನಂತರ ಮೆಲ್ಲಗೆ ಹೇಳಿದ:

"ದನಿ ಪೂರಾ ಕದ್ದಿ ತಮ್ಮಾ, ಹೆಸರ ಎಲ್ಲಿ ಬಿಟ್ಟಿ? ಅವ್ರೂ ನಿಮ್ಮ ಮನಿ ಮಂದೀನೇ."

ಕೂತರೆ ಎರಡು ದಿನದಲ್ಲಿ ಎಲ್ಲ ಕಲಿಸಿಕೊಡುತ್ತೇನೆ ಎಂದ. ಬರುವ ವರ್ಷ ನೋಡೋಣ ಅಜ್ಜ, ಎಂದೆ. ಹಾಗೆ ಮೂರು ಸುಗ್ಗಿ ಹೇಳಿದೆ... ನಾಲ್ಕನೆಯದಕ್ಕೆ ಅವನು ಬರಲಿಲ್ಲ. ತುರೋರಿ ಊರಲ್ಲಿ ಸೀಟಿಗಿಷ್ಟೆಂದು ಆಟೋ ಓಡಿಸುವ ಅವನ ಮಗ, ಜನ ತುಂಬುವುದನ್ನು ಕಾಯುತ್ತ ಸಾವಿನ ಸುದ್ದಿ ಹೇಳಿದ. ವಂಶಾವಳಿ ಕಲಿತಿದ್ದೀಯಾ ಎಂದು ಕೇಳಿದೆ. ಇಲ್ಲರೀ, ಎಂದ.

ಈ ವರ್ಷ ಅಪ್ಪ ತೊಗರಿ ಬಿತ್ತಿದ ಸಾಲಿಗೇ ಮತ್ತೆ ತೊಗರಿ ಬಿತ್ತಿದ. ಕೇಳಿದ್ದನ್ನೇ ಕೇಳತೊಡಗಿದ. ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರಿನ ಡಾಕ್ಟರರ ಹತ್ತಿರ ಕರೆದೊಯ್ದೆ. ಚಿತ್ರ ಬರೆಸಿ, ಲೆಕ್ಕ ಮಾಡಿಸಿ, ಇದು ವಯಸ್ಸಿನ ಸಾದಾ ಮರೆವಿಗಿಂತ ತುಸು ಹೆಚ್ಚು, ದೊಡ್ಡ ಕಾಯಿಲೆ ಅಂತ ಈಗಲೇ ಹೇಳಲಾಗದು ಎಂದರು. ಆಮೇಲೆ, ಮನೆತನದಲ್ಲಿ ಹಿಂದೆ ಯಾರಿಗಾದರೂ ಇತ್ತೇ ಎಂದು ಮರಾಠಿಯಲ್ಲಿ ಕೇಳಿದರು. ಯಾರಿಗೂ ಇಲ್ಲ, ಎಂದ ಅಪ್ಪ ಎದೆಯುಬ್ಬಿಸಿ.

ಹೆಳವಜ್ಜನ ಸಾಲುಗಳು ನನಗೆ ನೆನಪಾದವು. ಹೊಲದ ದಾರಿ ಮರೆತವ... ಉಂಡಿಲ್ಲ ಎಂದವ... ಇಷ್ಟು ವರ್ಷ ನಾನು ನಗಿಸುತ್ತಿದ್ದದ್ದು ಇದರಿಂದಲೇ. ಡಾಕ್ಟರರಿಗೆ ಹೇಳಿದೆ, ಅಪ್ಪನ ಮುಖ ನೋಡದೆ.

"ಅದು ಭಕ್ತಿ ಇತ್ತಲೇ," ಎಂದ ಅಪ್ಪ.

ಡಾಕ್ಟರು ಬರೆದುಕೊಂಡರು. ರಕ್ತದಲ್ಲಿ ಇಳಿದು ಬಂದರೆ ಅಪಾಯ ಹೆಚ್ಚು, ಆದರೆ ಎಲ್ಲರಿಗೂ ಬಂದೇ ತೀರಬೇಕೆಂದಿಲ್ಲ ಎಂದರು. ಆ ಮುತ್ತಜ್ಜಂದಿರ ಅಣ್ಣತಮ್ಮಂದಿರು ಎಷ್ಟು ಜನ, ಅವರಲ್ಲಿ ಕೊನೆಯತನಕ ನೆನಪು ನೆಟ್ಟಗಿದ್ದವರು ಎಷ್ಟು ಎಂದು ಕೇಳಿದರು. ಅಪ್ಪ ನನ್ನ ಕಡೆ ನೋಡಿದ. ನಾನು ಗುಣುಗುಣು ಅಂದು ದಾಟಿದ ಹೆಸರುಗಳು ಅವು. ಏನನ್ನೂ ಮರೆಯದವರನ್ನು ಹೊಗಳಲು ಹೆಳವಜ್ಜನಿಗೆ ಕಾರಣವೇ ಇರಲಿಲ್ಲ. ಗೊತ್ತಿಲ್ಲ ಸಾಹೇಬ್, ಎಂದೆ. ಡಾಕ್ಟರರ ಕಾಗದದಲ್ಲಿ ಆ ಜಾಗ ಖಾಲಿ ಉಳಿಯಿತು.

ವಾಪಸು ಬರುವಾಗ, ಬಸ್ಸಿನಲ್ಲಿ, ನಿಲಂಗಾ ದಾಟಿದ ಮೇಲೆ ಅಪ್ಪ ಕೇಳಿದ:

"ಯಾರರೆ ಚೊಲೋ ಉಳದಿದ್ರೇನಪಾ, ನಮ್ಮ ಪೈಕಿ?"

ಕೇಳಿದ್ದು ತನಗಾಗಿ ಅಲ್ಲ. ಕಣ್ಣು ನನ್ನ ಮೇಲೇ ಇತ್ತು.

ಇದ್ದರು, ಭಾಳ ಮಂದಿ ಇದ್ದರು ಎಂದೆ. ಹೆಳವಜ್ಜನ ಹಾಗೆ ಹೇಳಿ ತೋರಿಸು, ಎಂದ ಅಪ್ಪ. ಎಡಗೈ ಕಿವಿಗೆ ಹಚ್ಚಿ ಕೆಮ್ಮಿದೆ. ಮುಂದೆ ಬಾಯಿ ಏಳಲಿಲ್ಲ. ಸುಳ್ಳನ್ನು ನನ್ನ ದನಿಯಲ್ಲಿ ಹೇಳಬಹುದಿತ್ತು, ಸತ್ತವನ ದನಿಯಲ್ಲಿ ಆಗಲಿಲ್ಲ.